ಬೋಪಣ್ಣ ಅವರ ಪಕ್ಕದಲ್ಲಿ ನಿಂತವರು

2025ರ ನವೆಂಬರ್ 1, ರಾಜ್ಯೋತ್ಸವದ ದಿನ. ಬೆಳಗ್ಗೆಯಿಂದ ನನ್ನ ಫೋನಿನ ತುಂಬ ಹಳದಿ ಕೆಂಪು ಬಾವುಟಗಳು, ಭುವನೇಶ್ವರಿಯ ಚಿತ್ರಗಳು. ನಿಮ್ಮ ಫೋನಿನಲ್ಲೂ ಅದೇ ಇದ್ದಿರಬೇಕು. ಅದರ ನಡುವೆ ನಮ್ಮ ಟೆನಿಸ್ ಗೆಳೆಯರ ಗುಂಪಿನಲ್ಲಿ ಒಂದೇ ಒಂದು ಸಾಲು ಬಂತು: ‘ಬೋಪಣ್ಣ ಆಟ ನಿಲ್ಲಿಸಿದರಂತೆ.’ ಅದರ ಕೆಳಗೆ ಯಾರೋ ಬರೆದರು, ‘ಇನ್ನೂ ಆಡ್ತಾ ಇದ್ರಾ?’

ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಆಡ್ತಾ ಇದ್ದರು. ಆ ವಾರವೇ ಪ್ಯಾರಿಸ್‌ನಲ್ಲಿ ಆಡಿದ್ದರು. ಅದಕ್ಕೂ ಸುಮಾರು ಒಂದು ತಿಂಗಳು ಮುಂಚೆ ಟೋಕಿಯೊದಲ್ಲಿ ಫೈನಲ್ ತಲುಪಿದ್ದರು. ಆಗ ಅವರಿಗೆ 45 ವರ್ಷ.

ರೋಹನ್ ಬೋಪಣ್ಣ ಅಂದ ಕೂಡಲೇ ಎಲ್ಲರೂ ವಯಸ್ಸಿನ ಮಾತು ತೆಗೆಯುತ್ತಾರೆ. ಈ ವಯಸ್ಸಿನಲ್ಲಿ ಆ ದಾಖಲೆ, ಆ ವಯಸ್ಸಿನಲ್ಲಿ ಈ ದಾಖಲೆ. ಅದೆಲ್ಲ ನಿಜ, ನಾನೂ ಹೇಳುತ್ತೇನೆ. ಆದರೆ ಬರೀ ವಯಸ್ಸು ಎಣಿಸುತ್ತಾ ಹೋದರೆ ಅವರು ಮಾಡಿದ ಕೆಲಸ ಏನು ಅನ್ನುವುದೇ ತಪ್ಪಿಹೋಗುತ್ತದೆ. ಅವರು ಮಾಡಿದ್ದು ಡಬಲ್ಸ್. ಅಂದರೆ ಇನ್ನೊಬ್ಬರ ಜೊತೆ ನಿಂತು ಆಡುವ ಕೆಲಸ. ಅದಕ್ಕೇ ಇವತ್ತು ಅವರ ಕಥೆಯನ್ನು ಅವರ ಪಕ್ಕದಲ್ಲಿ ನಿಂತವರನ್ನು ಹಿಡಿದು ಹೇಳೋಣ ಅಂತಿದ್ದೇನೆ.

ಒಳಗೆ ಬರುವಾಗ ಮುಂದಿನ ಸಾಲಿನಲ್ಲಿ ಕೂತಿರುವ ಈ ಹಿರಿಯರು ಕೇಳಿದರು, ‘ಅವರ ಜೊತೆಗಾರರಲ್ಲಿ ಎಲ್ಲರಿಗಿಂತ ಒಳ್ಳೆಯವರು ಯಾರು?’ ಕೊನೆಯಲ್ಲಿ ಹೇಳುತ್ತೇನೆ ಅಂದಿದ್ದೇನೆ. ಮರೆತರೆ ನೆನಪಿಸಿ ಸರ್.

ಮೊದಲು ಒಂದು ಚಿಕ್ಕ ವಿಷಯ. ಟಿವಿಯಲ್ಲಿ ಡಬಲ್ಸ್ ನೋಡುವಾಗ ನೀವು ಚೆಂಡು ನೋಡುತ್ತೀರಿ, ಅಲ್ವಾ? ಸರ್ವ್ ಆಗುವ ಮುಂಚಿನ ಎರಡು ಸೆಕೆಂಡು ಸುಮ್ನೆ ನೆಟ್ ಹತ್ತಿರ ನೋಡಿ. ಅಲ್ಲಿ ಒಬ್ಬ ಮೊಣಕಾಲು ಬಗ್ಗಿಸಿ ಕುಕ್ಕರಗಾಲಲ್ಲಿ ನಿಂತಿರುತ್ತಾನೆ. ಅವನ ಒಂದು ಕೈ ಬೆನ್ನ ಹಿಂದೆ ಇರುತ್ತದೆ. ಆ ಕೈ ಒಂದು ಬೆರಳು ತೋರಿಸುತ್ತದೆ, ಎರಡು ತೋರಿಸುತ್ತದೆ, ಒಮ್ಮೆ ಅಂಗೈ ಬಿಚ್ಚುತ್ತದೆ, ಒಮ್ಮೆ ಮುಷ್ಟಿ ಕಟ್ಟುತ್ತದೆ. ಸರ್ವ್ ಎಲ್ಲಿಗೆ ಹಾಕು, ನಾನು ಅಡ್ಡ ಹಾರುತ್ತೇನೋ ಇಲ್ಲೇ ನಿಲ್ಲುತ್ತೇನೋ ಅನ್ನುವ ಗುಟ್ಟು ಅದು. ಎದುರಿನವರಿಗೆ ಕಾಣಬಾರದು, ಹಿಂದೆ ನಿಂತವನಿಗೆ ಮಾತ್ರ ಕಾಣಬೇಕು. ಒಂದೊಂದು ಜೋಡಿಗೂ ಅದರದೇ ಬೆರಳ ಭಾಷೆ. ಒಬ್ಬ ತಪ್ಪು ಓದಿದರೆ ಮುಗಿಯಿತು. ಇಬ್ಬರೂ ಒಂದೇ ಕಡೆ ಓಡುತ್ತಾರೆ, ಚೆಂಡು ಖಾಲಿ ಜಾಗದಲ್ಲಿ ಆರಾಮಾಗಿ ಹೋಗಿ ಬೀಳುತ್ತದೆ.

ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದವನು. ಮೂವತ್ತು ವರ್ಷದಿಂದ ನಮ್ಮೂರಿನ ಸಿಮೆಂಟ್ ಕೋರ್ಟಿನಲ್ಲಿ ಡಬಲ್ಸ್ ಆಡುತ್ತಿದ್ದೇನೆ. ಒಂದು ಸಲ ಚೆಂಡು ನಮ್ಮಿಬ್ಬರ ಮಧ್ಯೆ ಬಿತ್ತು. ‘ನಂದು’ ಅಂತ ಅವನು ಕೂಗಲಿಲ್ಲ, ‘ನಂದು’ ಅಂತ ನಾನೂ ಕೂಗಲಿಲ್ಲ. ಮ್ಯಾಚ್ ಹೋಯಿತು. ಅಷ್ಟಕ್ಕೇ ನನ್ನ ಜೊತೆಗಾರನೂ ನಾನೂ ಮೂರು ತಿಂಗಳು ಮಾತು ಬಿಟ್ಟಿದ್ದೆವು. ಗೆದ್ದರೆ ಒಂದು ಸ್ಟೀಲ್ ಲೋಟ ಕೊಡುವ ಆಟಕ್ಕೇ ಈ ಗತಿ. ಗ್ರ್ಯಾನ್‌ಸ್ಲಾಮ್ ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು: ಆಸ್ಟ್ರೇಲಿಯಾ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್. ಬೋಪಣ್ಣ ಗ್ರ್ಯಾನ್‌ಸ್ಲಾಮ್ ಪುರುಷರ ಡಬಲ್ಸ್ ಗೆಲ್ಲುವ ಮುಂಚೆ ಆ ಟೂರ್ನಿಗಳಲ್ಲಿ 19 ಜೊತೆಗಾರರೊಂದಿಗೆ ಆಡಿದ್ದರು. ಹತ್ತೊಂಬತ್ತು ಬೆರಳ ಭಾಷೆ ಕಲಿತಿದ್ದರು ಅನ್ನಿ.

ಈಗ ಶುರುವಿಗೆ ಹೋಗೋಣ. ಮಚ್ಚಂಡ ರೋಹನ್ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನ ಮಾದಾಪುರದಲ್ಲಿ. ತಂದೆ ಕಾಫಿ ಬೆಳೆಗಾರರು. ಕೊಡಗಿನ ಹುಡುಗ ಅಂದರೆ ಕೈಗೆ ಮೊದಲು ಹಾಕಿ ಸ್ಟಿಕ್ ಬರುತ್ತದೆ, ಇವರೂ ಹಾಕಿ, ಫುಟ್‌ಬಾಲ್ ಇಷ್ಟಪಟ್ಟವರೇ. ಹಾಕಿ ಆಡಲು ಆ ಊರಲ್ಲಿ ಹನ್ನೊಂದು ಜನ ಸಿಗುವುದು ಕಷ್ಟವಲ್ಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಗೊತ್ತು, ಒಂದೊಂದು ಮನೆತನವೇ ಒಂದೊಂದು ತಂಡ. ಟೆನಿಸ್‌ಗೆ ಹಾಗಲ್ಲ. ಕೋರ್ಟು ಬೇಕು, ಎದುರು ಆಡುವವನು ಬೇಕು, ದಿನವೂ ಬರಬೇಕು. ಬೋಪಣ್ಣ ರ‍್ಯಾಕೆಟ್ ಹಿಡಿದಾಗ 11 ವರ್ಷ. ದೊಡ್ಡ ಆಟಗಾರರ ಲೆಕ್ಕದಲ್ಲಿ ಅದು ತಡವೇ.

ವಿದಾಯದ ದಿನ ಬರೆದ ಟಿಪ್ಪಣಿಯಲ್ಲಿ ಅವರು ಎರಡು ವಿಷಯ ನೆನೆದಿದ್ದಾರೆ. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆಯುತ್ತಿದ್ದದ್ದು, ದಮ್ಮು ಬರಲಿ ಅಂತ ಕಾಫಿ ತೋಟದೊಳಗೆ ಓಡುತ್ತಿದ್ದದ್ದು. ಜೊತೆಗೆ ಬಿರುಕು ಬಿಟ್ಟ ಕೋರ್ಟುಗಳು. ಇಲ್ಲಿ ಯಾರಾದರೂ ಸೌದೆ ಒಡೆದಿದ್ದೀರಾ? ಕೊಡಲಿ ತಲೆಯ ಮೇಲೆ ಹೋಗುವುದು ಕೈಯ ಬಲದಿಂದ, ಕೆಳಗೆ ಬರುವುದು ಸೊಂಟ ಮತ್ತು ಹೊಟ್ಟೆಯ ಬಲದಿಂದ. ಬರೀ ತೋಳಿನಿಂದ ಒಡೆಯಲು ಹೋದರೆ ಹತ್ತು ಏಟಿಗೆ ಭುಜ ಸೋಲುತ್ತದೆ. ಟೆನಿಸ್ ಸರ್ವ್ ಕೂಡ ಹಾಗೇ. ಆರಡಿ ದಾಟಿದ ಎತ್ತರ, ಅದರ ಮೇಲೆ ಈ ಅಭ್ಯಾಸ. ಇಪ್ಪತ್ತು ವರ್ಷ ಅವರ ಹೊಟ್ಟೆ ಹೊರೆದದ್ದು ಆ ಸರ್ವ್. ಇನ್ನೊಂದು ಆಸ್ತಿ ಒಂದೇ ಕೈಯಲ್ಲಿ ಬೀಸುವ ಬ್ಯಾಕ್‌ಹ್ಯಾಂಡ್. ಈಗಿನ ಮಕ್ಕಳು ಜಾಸ್ತಿ ಎರಡು ಕೈ ಹಾಕಿಯೇ ಹೊಡೆಯುತ್ತಾರೆ. ಒಂಟಿ ಕೈಯ ಬ್ಯಾಕ್‌ಹ್ಯಾಂಡ್ ನೋಡುವುದೇ ಒಂದು ಸುಖ. ಅದು ನನ್ನ ಪಕ್ಷಪಾತ, ಬಿಡಿ.

ಮುಂದೆ ಪುಣೆಗೆ ಹೋಗಿ ನಂದನ್ ಬಾಳ್ ಅವರ ಬಳಿ ಕಲಿತರು. 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಸ್ ಕಪ್, ಅಂದರೆ ದೇಶ ದೇಶಗಳ ನಡುವಿನ ಟೂರ್ನಿ ಆಡಿದರು. 2003ರಲ್ಲಿ ಪೂರ್ಣ ವೃತ್ತಿಪರರಾದರು. ಆಗ ಕನಸು ಸಿಂಗಲ್ಸ್‌ನದೇ. ಡಬಲ್ಸ್ ಆಡುತ್ತೇನೆ ಅಂತ ಕನಸು ಕಾಣುವ ಹುಡುಗ ಎಲ್ಲೂ ಇಲ್ಲ. 2007ರ ಜುಲೈನಲ್ಲಿ ಸಿಂಗಲ್ಸ್‌ನಲ್ಲಿ 213ನೇ ಸ್ಥಾನ ತಲುಪಿದರು. ಅದೇ ಅವರ ಅತಿ ಎತ್ತರ.

ಜಗತ್ತಿನಲ್ಲಿ 213ನೆಯವ ಅಂದರೆ ನಮಗೆ ಭಾರಿ ದೊಡ್ಡದು. ಈ ಸಭಾಂಗಣದಲ್ಲಿ ಇರುವ ನಾವು ಯಾರೂ ಯಾವುದರಲ್ಲೂ ಜಗತ್ತಿನ 213ನೆಯವರಲ್ಲ. ಆದರೆ ಟೆನಿಸ್‌ನಲ್ಲಿ ಆ ಅಂಕಿ ಹೊಟ್ಟೆ ತುಂಬಿಸುವುದಿಲ್ಲ. ಗ್ರ್ಯಾನ್‌ಸ್ಲಾಮ್ ಮುಖ್ಯ ಸುತ್ತಿಗೆ ನೇರವಾಗಿ ಹೋಗಲು ಸುಮಾರು ಮೊದಲ ನೂರರಲ್ಲಿ ಇರಬೇಕು. ಇನ್ನೂರರ ಆಚೆ ಇರುವವರು ಅರ್ಹತಾ ಸುತ್ತು ಆಡಬೇಕು, ಚಿಕ್ಕ ಊರುಗಳ ಚಿಕ್ಕ ಟೂರ್ನಿಗಳಿಗೆ ತಿರುಗಬೇಕು. ವಿಮಾನದ ಟಿಕೆಟ್ಟು, ಹೋಟೆಲ್ಲು, ರ‍್ಯಾಕೆಟ್ಟಿನ ದಾರ, ಎಲ್ಲ ಸ್ವಂತ ಜೇಬಿನಿಂದ. ಅದರ ಮೇಲೆ ಭುಜದ ನೋವು. ನಿಧಾನಕ್ಕೆ ಡಬಲ್ಸ್ ಕಡೆ ವಾಲಿದರು. 2008ರಲ್ಲಿ ಅಮೆರಿಕದ ಎರಿಕ್ ಬುಟೊರಾಕ್ ಜೊತೆ ಲಾಸ್ ಏಂಜಲೀಸ್‌ನಲ್ಲಿ ಮೊದಲ ಎಟಿಪಿ ಪ್ರಶಸ್ತಿ ಗೆದ್ದರು. ಎಟಿಪಿ ಅಂದರೆ ಪುರುಷರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ.

ಆಮೇಲೆ ಬಂದವರು ಲಾಹೋರಿನ ಐಸಾಮ್ ಉಲ್ ಹಕ್ ಖುರೇಷಿ.

ಖುರೇಷಿ ಹುಟ್ಟಿದ್ದು 1980ರ ಮಾರ್ಚ್ 17. ಬೋಪಣ್ಣರಿಗಿಂತ ಹದಿಮೂರೇ ದಿನ ಚಿಕ್ಕವರು. ಅವರ ತಾಯಿ ಪಾಕಿಸ್ತಾನದ ಒಳ್ಳೆಯ ಟೆನಿಸ್ ಆಟಗಾರ್ತಿ. ತಾಯಿಯ ತಂದೆ ದೇಶ ಇಬ್ಭಾಗವಾಗುವ ಮುಂಚಿನ ಹಿಂದೂಸ್ತಾನದಲ್ಲಿ ಹೆಸರು ಮಾಡಿದ ಆಟಗಾರ. ಖುರೇಷಿ 2002ರ ವಿಂಬಲ್ಡನ್‌ನಲ್ಲಿ ಇಸ್ರೇಲಿನ ಅಮಿರ್ ಹದಾದ್ ಜೊತೆ ಜೋಡಿಯಾಗಿ ಆಡಿ ತಮ್ಮ ದೇಶದವರ ಸಿಟ್ಟಿಗೆ ಗುರಿಯಾಗಿದ್ದರು. ಅಂದರೆ, ಪಕ್ಕದಲ್ಲಿ ಯಾರು ನಿಲ್ಲಬೇಕು ಅನ್ನುವುದನ್ನು ಪಾಸ್‌ಪೋರ್ಟ್ ನೋಡಿ ತೀರ್ಮಾನಿಸುವ ಮನುಷ್ಯ ಅಲ್ಲ.

2010ರಲ್ಲಿ ಇವರಿಬ್ಬರ ಜೋಡಿಗೆ ‘ಇಂಡೋ ಪಾಕ್ ಎಕ್ಸ್‌ಪ್ರೆಸ್’ ಅನ್ನುವ ಹೆಸರು ಬಿತ್ತು. ಅದು ಮುಂಬೈ ದಾಳಿ ನಡೆದು ಎರಡು ವರ್ಷವೂ ತುಂಬದ ಕಾಲ, ನೆನಪಿರಲಿ. ಆ ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿ ಗೆದ್ದರು. ವಿಂಬಲ್ಡನ್‌ನಲ್ಲಿ ಕ್ವಾರ್ಟರ್ ಫೈನಲ್ ಆಡಿದರು. ‘ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ’ ಅನ್ನುವ ಸಾಲು ಬರೆದ ಬಟ್ಟೆ ಹಾಕಿಕೊಂಡು ಓಡಾಡಿದರು. ಸೆಪ್ಟೆಂಬರಿನಲ್ಲಿ ಅಮೆರಿಕ ಓಪನ್ ಫೈನಲ್ ತಲುಪಿದರು. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶದ ರಾಯಭಾರಿಗಳು ಅಕ್ಕಪಕ್ಕ ಕೂತು ಪಂದ್ಯ ನೋಡಿದರು. ಎದುರು ಇದ್ದವರು ಬಾಬ್ ಮತ್ತು ಮೈಕ್ ಬ್ರಯಾನ್, ಅವಳಿ ಅಣ್ಣತಮ್ಮ. ಒಂದೇ ಗರ್ಭದಲ್ಲಿ ಜೋಡಿಯಾಗಿ ಬಂದವರಿಗೆ ಬೆರಳ ಭಾಷೆ ಕಲಿಸಬೇಕಾ? 7-6, 7-6. ಎರಡೂ ಸೆಟ್ 6-6 ಸಮವಾಗಿ, ಆಗ ಆಡಿಸುವ ಟೈಬ್ರೇಕರಿನಲ್ಲಿ ಹೋದವು. ಪಂದ್ಯದುದ್ದಕ್ಕೂ ಒಬ್ಬರೂ ಇನ್ನೊಬ್ಬರ ಸರ್ವ್ ಮುರಿಯಲಾಗಲಿಲ್ಲ, ಅಂದರೆ ಎದುರಿನವರು ಸರ್ವ್ ಮಾಡಿದ ಗೇಮ್ ಗೆಲ್ಲಲಾಗಲಿಲ್ಲ. ಆ ವರ್ಷ ಎಟಿಪಿ ಇವರಿಬ್ಬರಿಗೂ ಆರ್ಥರ್ ಆಶ್ ಹೆಸರಿನ, ಮಾನವೀಯ ಕೆಲಸಕ್ಕೆ ಕೊಡುವ ಪ್ರಶಸ್ತಿ ಕೊಟ್ಟಿತು.

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ. ಆ ಫೈನಲ್ ಸೋತು ಒಂದೇ ವಾರಕ್ಕೆ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಮೊದಲ ದಿನ ಭಾರತ ಎರಡೂ ಸಿಂಗಲ್ಸ್ ಸೋತಿತು. 0-2. ಡಬಲ್ಸ್‌ನಲ್ಲಿ ಲಿಯಾಂಡರ್ ಪೇಸ್, ಮಹೇಶ್ ಭೂಪತಿ ಗೆದ್ದು ಉಳಿಸಿದರು. ನಾಲ್ಕನೇ ಪಂದ್ಯದಲ್ಲಿ ನಮ್ಮ ಸೋಮದೇವ್ ದೇವವರ್ಮನ್ ಎದುರು ಬ್ರೆಜಿಲ್‌ನ ಬೆಲುಚ್ಚಿ ಅರ್ಧಕ್ಕೇ ಕೈಬಿಟ್ಟರು. 2-2 ಆಯಿತು. ಕೊನೆಯ ಪಂದ್ಯಕ್ಕೆ ಇಳಿಯಬೇಕಾದವರು ಯಾರು? ಸಿಂಗಲ್ಸ್ ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದ ಬೋಪಣ್ಣ. ಎದುರು ರಿಕಾರ್ಡೊ ಮೆಲೊ. ಮೂರೇ ಸೆಟ್‌ನಲ್ಲಿ ಗೆದ್ದು ಮುಗಿಸಿದರು. ನನಗೆ ಅವರ ಗ್ರ್ಯಾನ್‌ಸ್ಲಾಮ್‌ಗಳಿಗಿಂತ ಆ ಮಧ್ಯಾಹ್ನ ಜಾಸ್ತಿ ನೆನಪಿದೆ. ಪಕ್ಕದಲ್ಲಿ ಯಾರೂ ಇಲ್ಲದೆ ಅವರು ಗೆದ್ದ ದೊಡ್ಡ ಪಂದ್ಯ ಅದು.

2011ರ ಕೊನೆಗೆ ಪ್ಯಾರಿಸ್ ಮಾಸ್ಟರ್ಸ್ ಗೆದ್ದು, ಖುರೇಷಿ ಜೋಡಿ ಮುರಿಯಿತು. ಮಾಸ್ಟರ್ಸ್ ಅಂದರೆ ಗ್ರ್ಯಾನ್‌ಸ್ಲಾಮ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿಗಳು. ಜೋಡಿ ಮುರಿದದ್ದು ಜಗಳದಿಂದಲ್ಲ. ಮುಂದಿನ ವರ್ಷ ಲಂಡನ್ ಒಲಿಂಪಿಕ್ಸ್. ಒಲಿಂಪಿಕ್ಸ್‌ನಲ್ಲಿ ಲಾಹೋರಿನವರ ಜೊತೆ ಆಡುವ ಹಾಗಿಲ್ಲ. ಅದಕ್ಕೆ ಮಹೇಶ್ ಭೂಪತಿ ಜೊತೆ ಸೇರಿದರು. ಆಮೇಲೆ ಆದದ್ದನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಭೂಪತಿಯೂ ಬೋಪಣ್ಣರೂ ಪೇಸ್ ಜೊತೆ ಆಡುವುದಿಲ್ಲ ಅಂದರು, ಟೆನಿಸ್ ಸಂಸ್ಥೆ ಪಟ್ಟು ಹಿಡಿಯಿತು, ಕೊನೆಗೆ ಎರಡು ಜೋಡಿ ಕಳಿಸಿದರು. ಭೂಪತಿ, ಬೋಪಣ್ಣ ಎರಡನೇ ಸುತ್ತಿನಲ್ಲಿ ಸೋತರು. ನಾಲ್ಕು ವರ್ಷ ಬಿಟ್ಟು ರಿಯೊದಲ್ಲಿ ಅದೇ ಬೋಪಣ್ಣ, ಅದೇ ಪೇಸ್ ಒಟ್ಟಿಗೆ ಇಳಿದು ಮೊದಲ ಸುತ್ತಿನಲ್ಲೇ ಸೋತರು. ಯಾರದು ಸರಿ ಅಂತ ನನ್ನನ್ನು ಕೇಳಬೇಡಿ. ಮಧ್ಯೆ ಬಿದ್ದ ಒಂದು ಚೆಂಡಿಗೆ ಮೂರು ತಿಂಗಳು ಮಾತು ಬಿಟ್ಟವನು ನಾನು. ನನಗೆ ತೀರ್ಪು ಕೊಡುವ ಯೋಗ್ಯತೆ ಇಲ್ಲ.

2013ರಲ್ಲಿ ಫ್ರಾನ್ಸಿನ ಎಡ್ವರ್ಡ್ ರೋಜರ್ ವ್ಯಾಸೆಲಿನ್ ಜೊತೆ ವಿಂಬಲ್ಡನ್ ಸೆಮಿಫೈನಲ್ ತಲುಪಿದರು. ಆ ಜುಲೈನಲ್ಲೇ ಡಬಲ್ಸ್‌ನಲ್ಲಿ ಜಗತ್ತಿನ 3ನೇ ಸ್ಥಾನಕ್ಕೆ ಏರಿದರು. ಈ ಫ್ರೆಂಚ್ ಹೆಸರನ್ನು ನೆನಪಿಟ್ಟುಕೊಳ್ಳಿ, ಇವರು ಮತ್ತೆ ಬರುತ್ತಾರೆ. 2015ರಲ್ಲಿ ರುಮೇನಿಯಾದ ಫ್ಲೋರಿನ್ ಮರ್ಜಿಯಾ ಜೊತೆ ಮ್ಯಾಡ್ರಿಡ್ ಮಾಸ್ಟರ್ಸ್ ಗೆದ್ದರು, ವಿಂಬಲ್ಡನ್ ಸೆಮಿಫೈನಲ್ ಆಡಿದರು, ವರ್ಷದ ಕೊನೆಯ ಎಟಿಪಿ ಫೈನಲ್ಸ್‌ನಲ್ಲಿ ಅಂತಿಮ ಪಂದ್ಯದವರೆಗೂ ಹೋಗಿ ಸೋತರು. ಹತ್ತಿರ ಹೋಗುವುದು, ಬಾಗಿಲು ಮುಟ್ಟಿ ಬರುವುದು. ಆ ವರ್ಷಗಳೆಲ್ಲ ಹಾಗೇ.

ಮೊದಲ ಗ್ರ್ಯಾನ್‌ಸ್ಲಾಮ್ ಬಂದದ್ದು 2017ರ ಜೂನ್‌ನಲ್ಲಿ, ಪ್ಯಾರಿಸ್‌ನ ಕೆಂಪು ಮಣ್ಣಿನ ಮೇಲೆ, ಮಿಶ್ರ ಡಬಲ್ಸ್‌ನಲ್ಲಿ. ಜೊತೆಗಾರ್ತಿ ಕೆನಡಾದ ಗೇಬ್ರಿಯೆಲಾ ದಬ್ರೌಸ್ಕಿ. ಮೊದಲ ಸೆಟ್ 2-6 ಸೋತರು, ಎರಡನೆಯದು 6-2 ಗೆದ್ದರು. ಆ ಟೂರ್ನಿಯ ಮಿಶ್ರ ಡಬಲ್ಸ್‌ನಲ್ಲಿ ಮೂರನೇ ಸೆಟ್ ಆಡಿಸುವುದಿಲ್ಲ. ಅದರ ಬದಲು ಹತ್ತು ಪಾಯಿಂಟ್‌ನ ಸೂಪರ್ ಟೈಬ್ರೇಕರ್. ಅದರಲ್ಲಿ ಎದುರಾಳಿಗಳಿಗೆ ಎರಡು ಸಲ ಮ್ಯಾಚ್ ಪಾಯಿಂಟ್ ಬಂತು. ಎರಡನ್ನೂ ಉಳಿಸಿಕೊಂಡು 12-10. ಭೂಪತಿ, ಪೇಸ್, ಸಾನಿಯಾ ಆದಮೇಲೆ ಗ್ರ್ಯಾನ್‌ಸ್ಲಾಮ್ ಗೆದ್ದ ನಾಲ್ಕನೇ ಭಾರತೀಯ. ಆಗ ವಯಸ್ಸು 37.

ಏಳು ತಿಂಗಳು ಬಿಟ್ಟು 2018ರ ಜನವರಿ. ಆಸ್ಟ್ರೇಲಿಯಾ ಓಪನ್ ಮಿಶ್ರ ಡಬಲ್ಸ್ ಫೈನಲ್. ಈಗ ಪಕ್ಕದಲ್ಲಿ ಹಂಗೇರಿಯ ಟಿಮಿಯಾ ಬಾಬೋಸ್. ನೆಟ್ಟಿನ ಆಚೆ ಯಾರು? ಅದೇ ದಬ್ರೌಸ್ಕಿ, ಕ್ರೊಯೇಷಿಯಾದ ಮೇಟ್ ಪಾವಿಚ್ ಜೊತೆ. ಮತ್ತೆ ಸೂಪರ್ ಟೈಬ್ರೇಕರ್. ಈ ಸಲ 11-9, ಗೆದ್ದದ್ದು ಆ ಕಡೆ.

ಡಬಲ್ಸ್ ಒಂದು ಸಣ್ಣ ಊರಿದ್ದ ಹಾಗೆ. ಸಂತೆಯಲ್ಲಿ ಚೌಕಾಸಿ ಮಾಡಿ ಮುಖ ತಿರುಗಿಸಿದವನೇ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಬಂದು ಕೂರುತ್ತಾನೆ. ಹೋದ ವರ್ಷ ನಿಮ್ಮ ಗುಟ್ಟಿನ ಬೆರಳು ಓದುತ್ತಿದ್ದವರು ಈ ವರ್ಷ ಎದುರು ನಿಂತಿರುತ್ತಾರೆ. ನಿಮ್ಮ ಎರಡನೇ ಸರ್ವ್ ಎಲ್ಲಿ ಬೀಳುತ್ತದೆ, ಹೆದರಿದಾಗ ಯಾವ ಕಡೆ ಹೊಡೆಯುತ್ತೀರಿ, ಎಲ್ಲ ಗೊತ್ತು ಅವರಿಗೆ.

ಈ ಊರಿನ ಇನ್ನೊಬ್ಬರ ಕಥೆ ಹೇಳಿಬಿಡುತ್ತೇನೆ. 2016ರ ರಿಯೊದಲ್ಲಿ ಸಾನಿಯಾ ಮಿರ್ಜಾ ಜೊತೆ ಬೋಪಣ್ಣ ಸೆಮಿಫೈನಲ್ ಆಡಿದರು. ಗೆದ್ದರೆ ಪದಕ ಖಾತ್ರಿ. ಎದುರು ಅಮೆರಿಕದ ವೀನಸ್ ವಿಲಿಯಮ್ಸ್, ಅವರ ಪಕ್ಕದಲ್ಲಿ ರಾಜೀವ್ ರಾಮ್. ರಾಜೀವ್ ರಾಮ್ ಅವರ ಅಪ್ಪ ಅಮ್ಮ ಬೆಂಗಳೂರಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರು! ಬೋಪಣ್ಣ, ಸಾನಿಯಾ ಮೊದಲ ಸೆಟ್ 6-2 ಗೆದ್ದು, ಆಮೇಲೆ ಪಂದ್ಯ ಬಿಟ್ಟುಕೊಟ್ಟರು. ಕಂಚಿನ ಪಂದ್ಯವೂ ಹೋಯಿತು. ನಾಲ್ಕನೇ ಸ್ಥಾನ. ಏಳು ವರ್ಷದ ನಂತರ ಅಮೆರಿಕ ಓಪನ್ ಫೈನಲ್‌ನಲ್ಲಿ ಮತ್ತೆ ಅಡ್ಡ ಬಂದವರೂ ಇದೇ ರಾಜೀವ್ ರಾಮ್. ಒಂದು ಪದಕ, ಒಂದು ಗ್ರ್ಯಾನ್‌ಸ್ಲಾಮ್. ಎರಡನ್ನೂ ಕಿತ್ತುಕೊಂಡವರು ಬೇರು ಹಿಡಿದು ನೋಡಿದರೆ ನಮ್ಮೂರಿನವರೇ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳೋದು ಹೇಳಿ.

2018ರಲ್ಲಿ ದಿವಿಜ್ ಶರಣ್ ಜೊತೆ ಏಷ್ಯನ್ ಗೇಮ್ಸ್ ಚಿನ್ನ ಬಂತು. ಅದಾದ ಮೇಲೆ ದೇಹ ತಕರಾರು ತೆಗೆಯಿತು. ಮೊಣಕಾಲಿನ ಮೃದು ಎಲುಬು ಸವೆದುಹೋಗಿತ್ತು. ಎಲುಬಿಗೆ ಎಲುಬು ತಾಗುವ ಸ್ಥಿತಿ. ಇಲ್ಲಿ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡ ಮೂರ್ನಾಲ್ಕು ಜನರನ್ನು ನಾನು ನೋಡಿದೆ. ನಿಮಗೆ ವಿವರಿಸಬೇಕಾಗಿಲ್ಲ. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ.

2021ರಲ್ಲಿ ತಳ ಮುಟ್ಟಿದರು. ಮಾರ್ಚ್‌ನಲ್ಲಿ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಹಳೆಯ ಗೆಳೆಯ ಖುರೇಷಿ ಜೊತೆ ಮತ್ತೆ ಇಳಿದು ನೋಡಿದರು, ಮೊದಲ ಸುತ್ತಿನಲ್ಲೇ ಹೊರಗೆ. ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪೋರ್ಚುಗಲ್ಲಿನ ಎಸ್ಟೊರಿಲ್‌ನಲ್ಲಿ ಇನ್ನೊಂದು ಸೋಲಾದ ಮೇಲೆ ಸಮುದ್ರ ನೋಡುತ್ತಾ ಕೂತಿದ್ದರಂತೆ. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು. ನಾನಿಲ್ಲಿ ಏನು ಮಾಡುತ್ತಿದ್ದೇನೆ ಅನ್ನಿಸಿತಂತೆ. ಇಲ್ಲಿಗೆ ನಿಲ್ಲಿಸುತ್ತೇನೆ ಅಂತ ಹೆಂಡತಿಗೆ ವಿಡಿಯೊ ಕಳಿಸಿದರು. ನಿಲ್ಲಿಸಿದ್ದರೆ ತಪ್ಪೇನೂ ಇರಲಿಲ್ಲ. 41 ವರ್ಷ, ಒಂದು ಗ್ರ್ಯಾನ್‌ಸ್ಲಾಮ್, ಒಂದು ಏಷ್ಯನ್ ಚಿನ್ನ. ಅಷ್ಟರಲ್ಲೇ ನಾವು ಸನ್ಮಾನ ಮಾಡಿ ಶಾಲು ಹೊದಿಸುತ್ತಿದ್ದೆವು.

ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗ ಶುರು ಮಾಡಿದ್ದರು. ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಸೀಮೆಯ ಬೆಳ್ಳೂರಿನವರು, ಹೆಸರಿನ ‘ಬಿ’ ಅಂದರೆ ಬೆಳ್ಳೂರು. ಮೈಸೂರಿನಲ್ಲಿ ಕಲಿತು ಪುಣೆಯಲ್ಲಿ ನೆಲೆ ನಿಂತವರು. ಬೋಪಣ್ಣ ಟೆನಿಸ್ ಕಲಿಯಲು ಕೊಡಗಿನಿಂದ ಪುಣೆಗೆ ಹೋದರು, ಪುಣೆಯಲ್ಲಿ ಬೆಳೆದ ಯೋಗ ಅವರ ಕಾಲು ಉಳಿಸಲು ಬೆಂಗಳೂರಿಗೆ ಬಂತು. ಅಯ್ಯಂಗಾರ್ ಪದ್ಧತಿಯಲ್ಲಿ ಹಗ್ಗ, ಬೆಲ್ಟು, ಮರದ ದಿಮ್ಮಿ, ಕುರ್ಚಿ ಎಲ್ಲ ಬಳಸುತ್ತಾರೆ. ಬಗ್ಗದ ದೇಹವನ್ನು ಜಬರದಸ್ತಿ ಬಗ್ಗಿಸುವುದಿಲ್ಲ, ಆಸರೆ ಕೊಟ್ಟು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತಾರೆ. ಸವೆದ ಮೊಣಕಾಲು ಅದರಿಂದ ಹೊಸದಾಗಲಿಲ್ಲ. ಆದರೆ ಅದರ ಸುತ್ತ ಇರುವ ತೊಡೆ, ಸೊಂಟ, ಭುಜ ಗಟ್ಟಿಯಾದವು. ನೋವಿನ ಮಾತ್ರೆ ನಿಂತಿತು. ಕೋರ್ಟಿನಲ್ಲಿ ಮನಸ್ಸು ಶಾಂತವಾಯಿತು, ಯೋಚಿಸಲು ಸಮಯ ಸಿಗುವ ಹಾಗಾಯಿತು ಅಂತಲೂ ಹೇಳಿದ್ದಾರೆ. ಡಬಲ್ಸ್‌ನಲ್ಲಿ ಓಡಾಟ ಕಡಿಮೆ, ನಿಜ. ಆದರೆ ನಾಲ್ಕೂ ಜನ ನೆಟ್ ಹತ್ತಿರ ನಿಂತಾಗ ಚೆಂಡು ಮುಖಕ್ಕೆ ಬರಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅಲ್ಲಿ ಸೊಂಟ ಬಗ್ಗಬೇಕು, ಮಣಿಕಟ್ಟು ಏಳಬೇಕು.

2023ರ ಜನವರಿಯಲ್ಲಿ ಸಾನಿಯಾ ಅವರ ಕೊನೆಯ ಗ್ರ್ಯಾನ್‌ಸ್ಲಾಮ್. ಮೆಲ್ಬರ್ನ್‌ನಲ್ಲಿ ಮಿಶ್ರ ಡಬಲ್ಸ್ ಫೈನಲ್‌ವರೆಗೆ ಅವರ ಪಕ್ಕದಲ್ಲಿ ನಿಂತದ್ದು ಬೋಪಣ್ಣ. ಸೋತರು. ಮೈಕ್ ಹಿಡಿದು ಸಾನಿಯಾ ಅತ್ತದ್ದನ್ನು ನೀವು ನೋಡಿರುತ್ತೀರಿ.

ಅದೇ ವರ್ಷ ಶುರುವಾದ ಜೋಡಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರದು. ಏಳು ವರ್ಷ ಚಿಕ್ಕವರು, ಚುರುಕು. ಬೋಪಣ್ಣ ದೊಡ್ಡ ಸರ್ವ್ ಹಾಕುತ್ತಾರೆ, ಎಬ್ಡೆನ್ ಅಡ್ಡ ಹಾರಿ ಮುಗಿಸುತ್ತಾರೆ. ಎಬ್ಡೆನ್ ಚೆಂಡು ವಾಪಸ್ ಹಾಕುತ್ತಾರೆ, ಬೋಪಣ್ಣ ನೆಟ್ಟಿನಲ್ಲಿ ಕಂಬದ ಹಾಗೆ ನಿಂತಿರುತ್ತಾರೆ. ಫೆಬ್ರವರಿಯಲ್ಲಿ ದೋಹಾ, ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಗೆದ್ದರು. ಸೆಪ್ಟೆಂಬರಿನಲ್ಲಿ ಅಮೆರಿಕ ಓಪನ್ ಫೈನಲ್.

ಆ ಫೈನಲ್‌ನ ಒಂದು ಕ್ಷಣ ಮಾತ್ರ ಹೇಳುತ್ತೇನೆ. ಮೂರನೇ ಸೆಟ್. ಪ್ರಾಣ ಹೋಗುವಂಥ ಹೊತ್ತು. ಆಟದ ಮಧ್ಯೆ ಚೆಂಡು ಬೋಪಣ್ಣ ಅವರ ತೋಳಿಗೆ ಸವರಿಕೊಂಡು ಹೋಯಿತು. ಅಂಪೈರ್ ನೋಡಲಿಲ್ಲ. ಎದುರಿನವರೂ ನೋಡಲಿಲ್ಲ. ಬೋಪಣ್ಣ ತಾವೇ ಹೋಗಿ, ನನಗೆ ತಾಗಿತು ಅಂತ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಇದನ್ನು ದೊಡ್ಡತನ ಅಂತ ಎಲ್ಲರೂ ಹೊಗಳಿದರು. ನನಗೆ ಅನ್ನಿಸಿದ್ದು ಬೇರೆ. ಆ ಪಾಯಿಂಟ್ ಅವರೊಬ್ಬರದಲ್ಲ, ಅರ್ಧ ಎಬ್ಡೆನ್ ಅವರದು. ಜೊತೆಗಾರನ ಅರ್ಧವನ್ನೂ ಕೇಳದೇ ಕೊಟ್ಟುಬಿಟ್ಟರಲ್ಲ! ಎಬ್ಡೆನ್ ಚಕಾರ ಎತ್ತಲಿಲ್ಲ. ಆ ಜೋಡಿ ಯಾಕೆ ಗೆಲ್ಲುತ್ತಿತ್ತು ಅಂತ ನನಗೆ ಆಗ ಅರ್ಥವಾಯಿತು. ಪಂದ್ಯ ಸೋತರು. ಸೋತದ್ದು ರಾಜೀವ್ ರಾಮ್ ಮತ್ತು ಇಂಗ್ಲೆಂಡಿನ ಜೋ ಸಾಲಿಸ್‌ಬರಿಗೆ, ಆಗಲೇ ಹೇಳಿದೆನಲ್ಲ.

ಆ ತಿಂಗಳೇ ಲಖನೌದಲ್ಲಿ ಕೊನೆಯ ಡೇವಿಸ್ ಕಪ್ ಪಂದ್ಯ ಆಡಿ ಗೆದ್ದರು. ಆಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ.

ಈಗ 2024ರ ಜನವರಿಯ ಕೊನೆಯ ವಾರ. ಅದೊಂದು ವಾರ ಹೇಗಿತ್ತು ನೋಡಿ. 25ರಂದು ಮೆಲ್ಬರ್ನ್‌ನಲ್ಲಿ ಸೆಮಿಫೈನಲ್, ಕೊನೆಯ ಟೈಬ್ರೇಕರಿನಲ್ಲಿ 10-7. ಅದೇ ದಿನ ದೆಹಲಿಯಲ್ಲಿ ಪದ್ಮಶ್ರೀ ಪಟ್ಟಿ ಬಂತು, ಅದರಲ್ಲಿ ಹೆಸರು. 27ರಂದು ಫೈನಲ್, ಇಟಲಿಯ ಬೊಲೆಲಿ, ವವಸೋರಿ ವಿರುದ್ಧ 7-6, 7-5. ಮೊದಲ ಸೆಟ್‌ನ ಟೈಬ್ರೇಕರಿನಲ್ಲಿ ಎದುರಿನವರಿಗೆ ಒಂದು ಪಾಯಿಂಟೂ ಇಲ್ಲ, 7-0. 29ರಂದು ಜಗತ್ತಿನ ಒಂದನೇ ಸ್ಥಾನ. 43 ವರ್ಷ 10 ತಿಂಗಳು. ಮುಕ್ತ ಯುಗದಲ್ಲಿ, ಅಂದರೆ ವೃತ್ತಿಪರರಿಗೂ ಈ ಟೂರ್ನಿಗಳ ಬಾಗಿಲು ತೆರೆದ 1968ರಿಂದ ಈಚೆಗೆ, ಇಷ್ಟು ವಯಸ್ಸಿನ ಗಂಡಸು ಗ್ರ್ಯಾನ್‌ಸ್ಲಾಮ್ ಗೆದ್ದದ್ದೇ ಇರಲಿಲ್ಲ. ಈ ವಯಸ್ಸಿನಲ್ಲಿ ಮೊದಲ ಸಲ ಒಂದನೇ ಸ್ಥಾನ ಮುಟ್ಟಿದವರೂ ಇಲ್ಲ. ಪುರುಷರ ಡಬಲ್ಸ್‌ನಲ್ಲಿ ಅವರು ಗ್ರ್ಯಾನ್‌ಸ್ಲಾಮ್ ಆಡಲು ಇಳಿದದ್ದು ಅದು 61ನೇ ಸಲ.

ದುಡ್ಡಿನ ಲೆಕ್ಕವನ್ನೂ ಹೇಳಬೇಕು, ಯಾಕೆಂದರೆ ನಾನು ಬ್ಯಾಂಕಿನವನು. ಆ ವರ್ಷ ಆಸ್ಟ್ರೇಲಿಯಾ ಓಪನ್ ಪುರುಷರ ಸಿಂಗಲ್ಸ್ ಗೆದ್ದವರಿಗೆ 31 ಲಕ್ಷ 50 ಸಾವಿರ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7 ಲಕ್ಷ 30 ಸಾವಿರ. ಅದನ್ನು ಇಬ್ಬರೂ ಹಂಚಿಕೊಳ್ಳಬೇಕು. ಅದರಲ್ಲೇ ಕೋಚು, ಫಿಸಿಯೊ, ವಿಮಾನ, ಹೋಟೆಲು. ಡಬಲ್ಸ್‌ನವರು ಯಾಕೆ ಅಷ್ಟು ವರ್ಷ ಆಡುತ್ತಾರೆ ಅನ್ನುವುದಕ್ಕೆ ಪ್ರೀತಿ ಒಂದು ಕಾರಣ, ಇದೂ ಒಂದು.

ಮಾರ್ಚ್‌ನಲ್ಲಿ ಮಯಾಮಿ ಗೆದ್ದರು. ಅದು ಆರನೇ ಮಾಸ್ಟರ್ಸ್. ಒಟ್ಟು ಎಟಿಪಿ ಪ್ರಶಸ್ತಿ 26 ಆಯಿತು, ಅಲ್ಲಿಗೇ ನಿಂತಿತು. ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋಲು. ಎದುರು ಫ್ರಾನ್ಸಿನ ಗೇಲ್ ಮಾನ್ಫಿಲ್ಸ್ ಮತ್ತು... ಯಾರು ಹೇಳಿ? ಸರಿಯಾಗಿ ಹೇಳಿದಿರಿ, ರೋಜರ್ ವ್ಯಾಸೆಲಿನ್. ಹನ್ನೊಂದು ವರ್ಷದ ಹಿಂದೆ ವಿಂಬಲ್ಡನ್‌ನಲ್ಲಿ ಪಕ್ಕದಲ್ಲಿದ್ದವರು. ದೇಶಕ್ಕಾಗಿ ಆಡುವುದನ್ನು ಬೋಪಣ್ಣ ಅಲ್ಲಿಗೆ ನಿಲ್ಲಿಸಿದರು. ವರ್ಷದ ಕೊನೆಗೆ ಎಬ್ಡೆನ್ ಜೋಡಿಯೂ ಬಿಟ್ಟಿತು.

2025ರಲ್ಲಿ ಮತ್ತೆ ಅಲೆದಾಟ. ಸಿಕ್ಕವರ ಜೊತೆ ಆಟ. ಮಾಂಟೆ ಕಾರ್ಲೊದಲ್ಲಿ ಪಕ್ಕ ನಿಂತವರು ಅಮೆರಿಕದ ಬೆನ್ ಶೆಲ್ಟನ್. ಆ ಹುಡುಗ ಹುಟ್ಟಿದ್ದು 2002ರಲ್ಲಿ, ಬೋಪಣ್ಣ ಮೊದಲ ಡೇವಿಸ್ ಕಪ್ ಆಡಿದ ವರ್ಷ! ಟೋಕಿಯೊದಲ್ಲಿ ಜಪಾನಿನ ಟಕೆರು ಯುಜುಕಿ ಜೊತೆ ಫೈನಲ್ ತಲುಪಿದರು. ಅಲ್ಲಿ ಸೋಲಿಸಿದ ಜೋಡಿಯಲ್ಲಿ ಮತ್ತೆ ರೋಜರ್ ವ್ಯಾಸೆಲಿನ್! ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್, ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ಎದುರು ಜಾನ್ ಪೀರ್ಸ್ ಮತ್ತು ಜೆ.ಜೆ. ಟ್ರೇಸಿ. ಈ ಪೀರ್ಸ್ ಯಾರು ಗೊತ್ತಾ? ಹಿಂದಿನ ವರ್ಷ ಎಬ್ಡೆನ್ ಒಲಿಂಪಿಕ್ಸ್ ಚಿನ್ನ ಗೆದ್ದದ್ದು ಇವರ ಜೊತೆ. ಸಣ್ಣ ಊರು ಅಂದೆನಲ್ಲ. ಸೂಪರ್ ಟೈಬ್ರೇಕರಿನಲ್ಲಿ 10-8. ಎರಡೇ ಪಾಯಿಂಟ್.

ಹ್ಞಾಂ, ಮರೆತಿಲ್ಲ ಸರ್, ಬಂದೆ. ಒಳ್ಳೆಯ ಜೊತೆಗಾರ ಯಾರು?

ಪ್ರಶಸ್ತಿಯ ತೂಕ ನೋಡಿ ಹೇಳು ಅಂದರೆ ಎಬ್ಡೆನ್. ಅದರಲ್ಲಿ ವಾದವೇ ಇಲ್ಲ. ಆದರೆ ನನಗೆ ಮನಸ್ಸಿಗೆ ಬರುವವರು ಖುರೇಷಿ. 2010ರಲ್ಲಿ ಅವರಿಬ್ಬರೂ ಒಂದು ಆಸೆ ಹೇಳಿಕೊಂಡಿದ್ದರು. ವಾಘಾದಲ್ಲಿ, ಗಡಿಗೆರೆಯ ಮೇಲೆಯೇ ನೆಟ್ ಕಟ್ಟಿ ಒಂದು ಪಂದ್ಯ ಆಡಬೇಕು ಅಂತ. ಒಬ್ಬರು ಭಾರತದಲ್ಲಿ ನಿಂತು ಸರ್ವ್ ಹಾಕುವುದು, ಇನ್ನೊಬ್ಬರು ಪಾಕಿಸ್ತಾನದಲ್ಲಿ ನಿಂತು ತಿರುಗಿ ಹೊಡೆಯುವುದು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆ ಆಟ ನಡೆಯಲೇ ಇಲ್ಲ. ನಾನು ಅದನ್ನು ಆಗಾಗ ಯೋಚಿಸುತ್ತಿರುತ್ತೇನೆ. ನಡೆದಿದ್ದರೆ ಅವರು ಎದುರು ಬದುರು ನಿಲ್ಲಬೇಕಾಗುತ್ತಿತ್ತು. ಜೊಹಾನ್ಸ್‌ಬರ್ಗ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ, ಪ್ಯಾರಿಸ್‌ನಲ್ಲಿ ನೆಟ್ಟಿನ ಒಂದೇ ಕಡೆ ನಿಂತು, ಬೆನ್ನ ಹಿಂದೆ ಕೈ ಇಟ್ಟು ಒಬ್ಬರಿಗೊಬ್ಬರು ಗುಟ್ಟು ಹೇಳಿಕೊಂಡವರು. ವಾಘಾದಲ್ಲಿ ಹಾಗೆ ಒಂದೇ ಕಡೆ ನಿಲ್ಲಬೇಕು ಅಂದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ವೀಸಾ ಬೇಕಾಗುತ್ತಿತ್ತು.